ಸಾಕ್ಷಿಗೂ ಆರೋಪಿಗೂ ಒಂದೇ ಬಸ್ಸು

“ಟವೆಲ್ ಹಾಕಿದೀನಿ, ಬೇಗ ಹತ್ತು ಮಾರಾಯ!”

ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕೂಗಿದವನು ಮಂಜಣ್ಣ. ಹತ್ತಿ ಅವನ ಪಕ್ಕ ಕೂತೆ. ಅವತ್ತು ಮೂಡಿಗೆರೆ ಕೋರ್ಟಿನಲ್ಲಿ ಅವನು ಆರೋಪಿ, ನಾನು ಅವನ ವಿರುದ್ಧದ ಸಾಕ್ಷಿ. ಕೋರ್ಟಿನ ಹೊತ್ತಿಗೆ ಮುಟ್ಟಿಸುವ ಬಸ್ಸು ಅದೊಂದೇ.

ಹೋದ ವರ್ಷ ಎಸ್ಟೇಟಿಗೆ ಆಳು ಕರೆದೊಯ್ಯುತ್ತಿದ್ದಾಗ ಅವನ ಪಿಕಪ್ ತಿರುವಿನಲ್ಲಿ ಕೆಳಗುರುಳಿತು. ಹಿಂದೆ ನಿಂತಿದ್ದ ಗಿರಿಜಕ್ಕ ಸತ್ತಳು. ನಾನು ಮುಂದೆ, ಗಾಡಿ ಓಡಿಸುತ್ತಿದ್ದ ಅವನ ಪಕ್ಕದಲ್ಲೇ ಇದ್ದೆ. ಗಿರಿಜಕ್ಕನ ಮಗಳು ಸವಿತಾ ಕೂಡ ಇದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿದ್ದಳು.

ನನ್ನ ಟಿಕೆಟ್ಟನ್ನೂ ಮಂಜಣ್ಣನೇ ತೆಗೆದ. ದಾರಿಯುದ್ದಕ್ಕೂ ಮಂಜು, ಗುಂಡಿ. ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಲ್ಲಿಸಿದರು. “ಇವನಿಗೆ ಇನ್ನೆರಡು ನೀರುದೋಸೆ ಹಾಕಿ” ಎಂದು ಹೇಳಿ ಮಂಜಣ್ಣ ನನ್ನ ಕಡೆ ಬಗ್ಗಿದ. “ಫೋನಿನ ವಿಷಯ ಒಂದು ಬಿಟ್ಬಿಡೋ. ಜೈಲಾದ್ರೆ ಮನೆ ಮುಳುಗ್ತದೆ.”

ಬಾಯಿ ತುಂಬ ದೋಸೆ ಇತ್ತು. ಆಯ್ತು ಅನ್ನುವ ಹಾಗೆ ತಲೆ ಆಡಿಸಿದೆ.

ಕೋರ್ಟಿನ ಜಗುಲಿಯಲ್ಲಿ ಸವಿತಾ ಎದುರಾದಳು. “ದೋಸೆ ಚೆನ್ನಾಗಿತ್ತಾ ಅಣ್ಣ?” ಎಂದಳು.

ಸರ್ಕಾರಿ ವಕೀಲರು ಕರೆದು ಹೇಳಿದರು: “ಅಪೀಲಿಗೆ ಹೋದ್ರೆ ಮೇಲಿನ ಕೋರ್ಟಿನವರು ಕಾಗದ ಮಾತ್ರ ಓದ್ತಾರಪ್ಪ. ನಿನ್ನ ಮುಖ ನೋಡಿ ಕೇಳೋದು ಇಲ್ಲಿ ಮಾತ್ರ. ಕಣ್ಣಲ್ಲಿ ಕಂಡದ್ದಷ್ಟೇ ಹೇಳು.”

ಜವಾನ ಹೆಸರು ಕೂಗಿದ. ಕಟಕಟೆ ಹತ್ತಿಸಿ ಪ್ರಮಾಣ ಮಾಡಿಸಿದರು.

“ಗಾಡಿ ಉರುಳುವಾಗ ಆರೋಪಿ ಏನು ಮಾಡ್ತಿದ್ರು?” ಎಂದು ಸರ್ಕಾರಿ ವಕೀಲರು ಕೇಳಿದರು.

“ಫೋನಲ್ಲಿ ಮಾತಾಡ್ತಿದ್ರು.”

ಜಡ್ಜ್ ಹೇಳಿ ಬರೆಸಿದರು. ಮಂಜಣ್ಣ ನೆಲ ನೋಡುತ್ತಿದ್ದ. ಅವನ ವಕೀಲರು ಎದ್ದರು. “ಆರೋಪಿ ಮೇಲೆ ನಿಮಗೆ ದ್ವೇಷ ಇದೆ. ಅದಕ್ಕೇ ಸುಳ್ಳು ಹೇಳ್ತಿದೀರಿ.”

“ದ್ವೇಷ ಇಲ್ಲ ಸ್ವಾಮಿ. ಬೆಳಿಗ್ಗೆ ಅವರೇ ನಂಗೆ ತಿಂಡಿ ಕೊಡ್ಸಿದ್ರು.”

ಯಾರೋ ನಕ್ಕರು. ಜಡ್ಜ್ ನಗಲಿಲ್ಲ, ಅದನ್ನೂ ಬರೆಸಿದರು. ವಕೀಲರು ಮುಂದೆ ಏನೂ ಕೇಳದೆ ಕೂತರು. ಹೇಳಿದ್ದೆಲ್ಲ ಸತ್ಯ. ಆದರೆ ಅವನು ಹಾಕಿಸಿದ ದೋಸೆಯನ್ನೇ ತೆಗೆದು ಅವನಿಗೆ ಹೊಡೆದ ಹಾಗಾಯಿತು. ಹೇಳಿಕೆಗೆ ಸಹಿ ಹಾಕಿ ಇಳಿದೆ. ಬಾಗಿಲಲ್ಲಿ ಸವಿತಾ ಕೈ ಮುಗಿದಳು. ಅವಳ ಕಡೆಗೂ ನೋಡಲಾಗಲಿಲ್ಲ. ತಲೆ ಆಡಿಸದೆ, ಆಗೋದಿಲ್ಲ ಅಂತ ಕೊಟ್ಟಿಗೆಹಾರದಲ್ಲೇ ಹೇಳಬೇಕಿತ್ತು.

ಕೇಸಿಗೆ ಮುಂದಿನ ತಾರೀಖು ಕೊಟ್ಟರು. ಸಂಜೆಯ ಬಸ್ಸು ತುಂಬಿತ್ತು. ಖಾಲಿ ಇದ್ದದ್ದು ಒಂದೇ ಸೀಟು, ಅದರ ಮೇಲೆ ಮಂಜಣ್ಣನ ಟವೆಲ್. ನನ್ನನ್ನು ನೋಡಿ ಟವೆಲ್ ಎತ್ತಿಕೊಂಡ. ಕೂತೆ.

ಕಂಡಕ್ಟರ್ ಬಂದು “ಇಬ್ರೂ ಕಳಸನಾ?” ಎಂದ.

“ನಂಗೊಂದು ಕೊಡಿ” ಎಂದ ಮಂಜಣ್ಣ.

ನನ್ನ ಟಿಕೆಟ್ ನಾನು ತೆಗೆದುಕೊಂಡೆ. ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.