ನನ್ನ ಪಾಲಿನ ಸೊಪ್ಪು ತಿಂದ ಆಡು

ನಮ್ಮ ಮನೆಯ ಆಡಿನ ಮೈ ಹೊಳೆಯುವುದನ್ನು ನೋಡಿ ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, ಏನು ಮೇಯಿಸುತ್ತೀರಿ ಎಂದು. ನಾನು ಕಟ್ಟೆಯ ಮೇಲೆ ಕೂತು, "ಏನಿಲ್ರಿ, ಕಾಲುವಿ ದಂಡಿ ಹುಲ್ಲು" ಎನ್ನುತ್ತಿದ್ದೆ. ಅದು ಸುಳ್ಳು. ಆ ಆಡು ತಿನ್ನುತ್ತಿದ್ದದ್ದು ನನ್ನ ಊಟ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿದು ಮುದುಕನಾದವನು ನಾನು. ಅಕ್ಕಿಗೆ ಪಾಲಿಶ್ ಕೊಡುವ ಮಷೀನು ನನ್ನ ಕೈಯಲ್ಲಿತ್ತು. ಅಕ್ಕಿ ಎಷ್ಟು ಬೆಳ್ಳಗೆ ಬರುತ್ತದೋ ಅಷ್ಟು ಮರ್ಯಾದೆ. ಕಾಲುವೆ ನೀರಿನ ಊರಿನವರಿಗೆ ಊಟವೆಂದರೆ ಬಿಳಿ ಅನ್ನ, ಸಾರು, ಮೇಲೊಂದು ಹಪ್ಪಳ. ಸೊಸೆ ಬಂದದ್ದು ಯಲಬುರ್ಗಾ ಕಡೆಯ ಒಣಬೇಸಾಯದ ಊರಿನಿಂದ. ಅವರಲ್ಲಿ ಸಜ್ಜೆ ರೊಟ್ಟಿ, ಪಕ್ಕದಲ್ಲಿ ತೊಳೆದು ಹಸಿಯಾಗಿಯೇ ಇಟ್ಟ ಹಕ್ಕರಿಕಿ ಸೊಪ್ಪು, ಎಳೆ ಮೆಂತ್ಯ, ಉಳ್ಳಾಗಡ್ಡಿ, ಅಗಸಿ ಚಟ್ನಿ. ಮದುವೆಯಾದ ಹೊಸದರಲ್ಲಿ ಅವಳು ಹಾಗೆ ಉಣ್ಣುವುದನ್ನು ಕಂಡು ನಾನು ಸುಮ್ಮನಿರಲಾರದೆ, "ಏನವಾ, ನಿಮ್ಮೂರಾಗ ದನಾ, ಮನುಷ್ಯಾರು ಒಂದ ಗ್ವಾದಲಿಯೊಳಗ ಉಣ್ತಾರೇನು?" ಎಂದಿದ್ದೆ.

"ದನಕ್ಕ ಶುಗರ್ ಬಂದಿದ್ದು ಎಲ್ಲೆರ ಕೇಳೀರೇನ್ರಿ ಮಾವಾರ?" ಎಂದು ನಕ್ಕಿದ್ದಳು. ಆ ಬಾಯಿ ಈಗ ಅವಳಿಗೆ ಅಂಗನವಾಡಿ ಕೆಲಸದಲ್ಲಿ ಉಪಯೋಗಕ್ಕೆ ಬಂದಿದೆ. ನನ್ನ ಮಾತು ಮಾತ್ರ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ನನ್ನ ಮೈಗೆ ಕೆರೆತ ಶುರುವಾಯಿತು. ಮೊಳಕಾಲಿನ ಕೆಳಗೆ ಚರ್ಮ ನೀರು ಬತ್ತಿದ ಗದ್ದೆಯ ಹಾಗೆ ಬಿರಿಯಿತು. ಕೊಪ್ಪಳದ ಡಾಕ್ಟರು ನೋಡಿ, ರೋಗವೇನಿಲ್ಲ, ವಯಸ್ಸಿಗೆ ಚರ್ಮ ಒಣಗಿದೆ, ಎಣ್ಣೆ ಹಚ್ಚಿರಿ, ನೀರು ಕುಡಿಯಿರಿ, ಅನ್ನ ಕಡಿಮೆ ಮಾಡಿ ಸೊಪ್ಪು ಹಣ್ಣು ಹೆಚ್ಚು ತಿನ್ನಿರಿ ಎಂದರು. ಎಣ್ಣೆಯ ಮಾತನ್ನು ನಾನು ಆಸ್ಪತ್ರೆಯ ಮೆಟ್ಟಿಲಲ್ಲೇ ಮರೆತೆ. ಸೊಪ್ಪಿನ ಮಾತನ್ನು ಸೊಸೆ ಮರೆಯಲಿಲ್ಲ.

"ಗಿರಣಿ ಮಷೀನಿಗೆ ತುಕ್ಕು ಹಿಡಿತಿತ್ತಲ್ರಿ, ಮೈಗೂ ಒಳಗಿಂದ ಹಂಗ ಹಿಡಿತೈತಿ ಅಂತ ತಿಳ್ಕೊರ್ರಿ. ಹಣ್ಣು, ಸೊಪ್ಪಿನ್ಯಾಗ ಅದನ್ನ ತಡಿಯೋದು ಇರತೈತಿ. ಆ್ಯಂಟಿಆಕ್ಸಿಡೆಂಟ್ ಅಂತಾರ," ಎಂದು ತರಬೇತಿಯಲ್ಲಿ ಕೇಳಿದ್ದನ್ನು ನನಗೆ ಒಪ್ಪಿಸಿದಳು.

"ಆಗ್ಲಿ ಬಿಡವಾ, ಹೆಸರು ಹೇಳೂದ್ರಾಗ ಅನ್ನ ಆರತೈತಿ," ಎಂದೆ.

ಮರುದಿನದಿಂದ ನನ್ನ ತಟ್ಟೆಯ ಬಣ್ಣ ಬದಲಾಯಿತು. ಒಂದು ರೊಟ್ಟಿ, ಹಕ್ಕರಿಕಿ, ಹಸಿ ಗಜ್ಜರಿ ಗಡ್ಡೆ, ಪುಂಡಿ ಸೊಪ್ಪಿನ ಪಲ್ಯ, ಸೀಳಿದ ನೆಲ್ಲಿಕಾಯಿ, ಬಟ್ಟಲಿನಲ್ಲಿ ಕುಷ್ಟಗಿ ಕಡೆಯ ದಾಳಿಂಬೆ ಕಾಳು. ನಾನು ಉಣ್ಣುವುದು ಹೊರಗಿನ ಕಟ್ಟೆಯ ಮೇಲೆ. ಕಟ್ಟೆಯ ಪಕ್ಕದ ಕಂಬಕ್ಕೆ ಆಡು ಕಟ್ಟಿರುತ್ತಿತ್ತು. ಮೊದಲು ಒಂದು ಎಲೆ ಕೊಟ್ಟೆ. ಆಮೇಲೆ ಹಿಡಿ. ಆಮೇಲೆ ಎಲ್ಲವನ್ನೂ. ನೆಲ್ಲಿಕಾಯಿಯ ಹುಳಿಗೆ ಮೊದಲು ಅದೂ ತಲೆ ಕೊಡವಿತು, ನಂತರ ರೂಢಿ ಮಾಡಿಕೊಂಡಿತು. ದಾಳಿಂಬೆಯನ್ನು ಮಾತ್ರ ನಾನು ಕೊಡಲಿಲ್ಲ, ಅಷ್ಟು ದಡ್ಡನಲ್ಲ. ಖಾಲಿ ತಟ್ಟೆ ನೋಡಿ ಸೊಸೆ ಹಿಗ್ಗುತ್ತಿದ್ದಳು. ಅವಳು ಅಂಗನವಾಡಿಗೆ ಹೋದ ಮೇಲೆ ನಾನು ಅಡುಗೆ ಮನೆಗೆ ನುಸುಳಿ, ನನ್ನ ಹೆಂಡತಿಯಿಂದ ಅನ್ನ ಸಾರು ಹಾಕಿಸಿಕೊಳ್ಳುತ್ತಿದ್ದೆ.

ಅಂಗನವಾಡಿಯ ಕೋಣೆ ಚಿಕ್ಕದು. ಹಾಗಾಗಿ ತಾಯಂದಿರ ಸಭೆ ನಮ್ಮ ಅಂಗಳದಲ್ಲೇ ನಡೆಯುತ್ತದೆ. "ಆರೋಗ್ಯ ಅಂದ್ರ ಯಾರೂ ಬರಂಗಿಲ್ರಿ, ಸೊಪ್ಪು ತಿಂದ್ರ ಮಾರಿ ಹೊಳಿತೈತಿ ಅಂದ್ರ ಅತ್ತಿ ಸೊಸಿ ಕೂಡೇ ಬರ್ತಾರ," ಎನ್ನುತ್ತಾಳೆ ಸೊಸೆ. ಆಗ ಅವಳಿಗೆ ಒಂದು ಚಿಂತೆ ಹತ್ತಿತ್ತು. ನಮ್ಮ ಓಣಿಯ ಒಬ್ಬ ಎಳೆ ಬಾಣಂತಿ ಸಂತೆಯಲ್ಲಿ ಸಿಗುವ ಬೆಳ್ಳಗಾಗುವ ಕ್ರೀಮು ಹಚ್ಚಿ ಕೆನ್ನೆ ಸುಲಿಸಿಕೊಂಡಿದ್ದಳು. ಆದರೂ ಹಚ್ಚುತ್ತಲೇ ಇದ್ದಳು. ಅದನ್ನು ಬಿಡಿಸಬೇಕು, ಡಾಕ್ಟರಿಗೆ ತೋರಿಸಬೇಕು, ಅವಳ ಊಟ ಸರಿ ಮಾಡಬೇಕು ಎಂದು ಸೊಸೆಯ ಹಟ.

ಒಂದು ದಿನ ಸಭೆಯಲ್ಲಿ ಸೊಸೆ ಬಣ್ಣಬಣ್ಣದ ತರಕಾರಿ ಮುಂದಿಟ್ಟುಕೊಂಡು ಹೇಳುತ್ತಿದ್ದಳು. ಆ ಬಾಣಂತಿ ತಲೆ ತಗ್ಗಿಸಿ ಕೇಳುತ್ತಿದ್ದಳು. ಹಾಲು ಮಾರುವ ಹೆಂಗಸು ನಡುವೆ ಬಾಯಿ ಹಾಕಿದಳು.

"ಅದೆಲ್ಲಾ ಇರ್ಲಿ ಟೀಚರ್ರ, ನಿಮ್ಮ ಮಾವಾರ ಕಾಲು ನೋಡ್ರಿ ಒಂದೀಟು. ದಿನಾ ತಾಟು ತುಂಬ ಸೊಪ್ಪು ತಿಂತಾರ ಅಂತೀರಿ, ಉಡದ ಚರ್ಮ ಆಗೇತಿ."

ಅಂಗಳವೆಲ್ಲ ನಕ್ಕಿತು. ಕಟ್ಟೆಯ ಮೇಲೆ ಕೂತಿದ್ದ ನಾನು ಪಂಚೆ ಕೆಳಗೆಳೆದುಕೊಂಡೆ.

"ವಯಸ್ಸಾಗೇತ್ರಿ ಅವರಿಗೆ," ಎಂದಳು ಸೊಸೆ. ಅವಳ ದನಿ ಇಳಿದಿತ್ತು. "ಪಾಪ, ಅವರು ಒಂದು ಎಲಿ ಸೈತ ಬಿಡಂಗಿಲ್ಲ."

ಬಾಣಂತಿ ಕೂಸನ್ನು ಎತ್ತಿಕೊಂಡು ಎದ್ದಳು. "ಹಂಗಾರ ನನ್ನ ಕ್ರೀಮ ಛಲೋ ಬಿಡ್ರಿ ಅಕ್ಕಾರ."

ನನ್ನನ್ನು ಚುಚ್ಚಿದ್ದು ಹಾಲಿನವಳ ಮಾತಲ್ಲ, ಸೊಸೆಯ ಆ 'ಪಾಪ'. ಜೀವನವಿಡೀ ಅಕ್ಕಿ ಬೆಳ್ಳಗೆ ಮಾಡುವ ಹುಚ್ಚಿನಲ್ಲೇ ಅನ್ನ ತಿಂದ ನನ್ನಿಂದಾಗಿ ಆ ಹುಡುಗಿ ಮತ್ತೆ ಆ ಡಬ್ಬಿಗೇ ಕೈ ಹಾಕಲಿದ್ದಳು.

"ಕುಂಡ್ರವಾ," ಎಂದೆ. "ಆ ಸೊಪ್ಪು ನಾ ತಿಂದಿಲ್ಲ. ತಿಂದದ್ದು ಅಲ್ಲಿ ನಿಂತೈತಿ, ನೋಡು."

ಎಲ್ಲರೂ ಆಡಿನ ಕಡೆ ತಿರುಗಿದರು. ಅದು ಮೆಲುಕು ಹಾಕುತ್ತ ಎಲ್ಲರನ್ನೂ ನೋಡಿತು. ಹಾಲಿನವಳು ಎದ್ದು ಹೋಗಿ ಅದರ ಬೆನ್ನು ಸವರಿದಳು. "ಖರೇನ ರೇಷ್ಮಿ ಆಗೇತ್ರಿ. ಕಾಕಾರ, ನೀವು ಆಡು ಆಗಿ ಹುಟ್ಟಬೇಕಿತ್ತು."

ಬಾಗಿಲಲ್ಲಿ ನಿಂತ ನನ್ನ ಹೆಂಡತಿ, "ನನಗ ಮೊದಲ ಗೊತ್ತಿತ್ತು. ಕಂಬದ ಬುಡಕ ನೆಲ್ಲಿಕಾಯಿ ಬೀಜ ಬಿದ್ದಿದ್ವು," ಎಂದಳು.

"ಹೇಳಬಾರದಿತ್ತೇನು?" ಎಂದೆ.

"ನಿಮ್ಮ ಬಾಯಿಲೇ ಬರ್ಲಿ ಅಂತ ಬಿಟ್ಟಿದ್ದೆ."

ಸೊಸೆ ಮಾತ್ರ ನಗಲಿಲ್ಲ. ಒಳಗೆ ಹೋಗಿ ತಟ್ಟೆ ತಂದು ನನ್ನ ಮುಂದಿಟ್ಟಳು. "ಎಲ್ಲಾರ ಮುಂದ ತಿನ್ರಿ ಮಾವಾರ."

ತಿಂದೆ. ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಹಕ್ಕರಿಕಿ ಎಲೆ ಸುತ್ತಿ ಬಾಯಿಗಿಟ್ಟೆ. ಮೊದಲು ತುಸು ಒಗರು, ಅಗಿಯುತ್ತ ಹೋದಂತೆ ಹಸಿರಿನ ತಂಪು. ಇಷ್ಟು ವರ್ಷ ಇದನ್ನು ಗೋದಲಿಯ ಮೇವು ಎಂದು ಹಂಗಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಾಗೆಂದು ಸೊಸೆಗೆ ಹೇಳಿ, ತಪ್ಪಾಯಿತು ಎಂದೆ.

ಬಾಣಂತಿ ಇನ್ನೂ ನಿಂತೇ ಇದ್ದಳು. "ಹೆಂಗೈತ್ರಿ ಕಾಕಾರ?"

"ಆಡು ಒಂದಿನನೂ ತಕರಾರು ಮಾಡಿಲ್ಲವಾ," ಎಂದೆ.

ಆಗ ಸೊಸೆಗೆ ನಗು ತಡೆಯಲಾಗಲಿಲ್ಲ. ಬಾಣಂತಿ ಕೂತಳು, ನನ್ನ ತಟ್ಟೆಯಿಂದಲೇ ಒಂದು ಎಲೆ ತೆಗೆದುಕೊಂಡಳು. ಅದೇ ವಾರ ಸೊಸೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕ್ರೀಮಿನ ಡಬ್ಬಿ ತಿಪ್ಪೆ ಸೇರಿತು. ಈಗ ಅವಳ ಕೆನ್ನೆ ಮೊದಲಿನ ಕಂದು ಬಣ್ಣಕ್ಕೆ ಮೆಲ್ಲಗೆ ಮರಳುತ್ತಿದೆ, ನೋಡಲು ಚೆಂದವಿದೆ.

ನನ್ನ ಕೆರೆತವೂ ಇಳಿದಿದೆ. ಎಣ್ಣೆಯನ್ನೂ ಹಚ್ಚುತ್ತಿರುವುದರಿಂದ ಯಾರ ಗುಣ ಎಷ್ಟು ಎಂದು ನಾನು ಹೇಳಲಾರೆ. ಇಷ್ಟಾದರೂ ತಟ್ಟೆ ಇಟ್ಟ ಮೇಲೆ ನಾನು ಉಂಡು ಮುಗಿಸುವವರೆಗೂ ಸೊಸೆ ಪಕ್ಕದಲ್ಲೇ ನಿಂತಿರುತ್ತಾಳೆ. ಅದು ನನಗೆ ತಕ್ಕದ್ದೇ. ಆಡನ್ನು ಹಿತ್ತಲಿಗೆ ಕಟ್ಟಿದ್ದಾಳೆ. ಊಟದ ಹೊತ್ತಿಗೆ ಅದು ಅಲ್ಲಿಂದ ಒಂದೇ ಸಮ ಕೂಗುತ್ತದೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.