ಗಂಗಕ್ಕನ ಟಾರ್ಪಾಲು

ಬಿರುಮಳೆಯಲ್ಲಿ ಬಸ್ಸಿಳಿದು ಮನೆಗೆ ಓಡಿಬಂದವನು ಅಂಗಳದಲ್ಲೇ ನಿಂತುಬಿಟ್ಟೆ. ನನ್ನ ಕಾರಿನ ಕವರು ಗಾಳಿಗೆ ಹಾರಿ ತೆಂಗಿನ ತೋಟದ ಬೇಲಿಗೆ ಸಿಕ್ಕಿಕೊಂಡಿತ್ತು. ಕಾರಿಗೆ ಯಾರೋ ನೀಲಿ ಟಾರ್ಪಾಲು ಹೊದಿಸಿ ಹಗ್ಗದಲ್ಲಿ ಬಿಗಿದು ಕಟ್ಟಿದ್ದರು. ಅದು ಪಕ್ಕದ ಮನೆಯ ಗಂಗಕ್ಕ ತಮ್ಮ ರಾಗಿ ರಾಶಿಗೆ ಮುಚ್ಚಿದ್ದ ಟಾರ್ಪಾಲು. ಈಗ ಆ ರಾಶಿಯ ಮೇಲೆ ಹಳೇ ಕಂಬಳಿ ಹರಡಿ, ಅವರು ನೆನೆಯುತ್ತಾ ನಿಂತಿದ್ದರು.

"ಅಯ್ಯೋ ಗಂಗಕ್ಕ, ಕಾರು ನೆಂದ್ರೆ ಏನೂ ಆಗಲ್ಲ ಕಣಕ್ಕ!" ಎಂದೆ.

"ಸುಮ್ನಿರ್ಲಾ. ಏನೂ ಆಗ್ದೇ ಇದ್ರೆ ದಿನಾ ಸಂಜೆ ಮಗೀಗೆ ಹೊದಿಸ್ದಂಗೆ ಹೊದಿಸ್ತಿದ್ಯಾ?"

ಇಬ್ಬರೂ ಸೇರಿ ಒದ್ದೆ ರಾಗಿಯನ್ನು ನಮ್ಮ ಪಡಸಾಲೆಗೆ ಹೊತ್ತು ಹರಡಿದೆವು.

ಈಗ ಮೋಡ ಕವಿದರೆ ನನ್ನ ಕವರು ಮೊದಲು ಹೋಗುವುದು ಗಂಗಕ್ಕನ ರಾಶಿಗೆ. ಕಾರು ಹಾಯಾಗಿ ನೆನೆಯುತ್ತದೆ.