ಕಟಿಂಗ್ ಶಾಪಿನ ಆಲೂಗಡ್ಡೆ ಸೂಪು

ನಿವೃತ್ತರಾದ ಮೇಲೂ ಹೆಡ್ ಕ್ಲರ್ಕರು ಹೆಡ್ ಕ್ಲರ್ಕರಾಗಿಯೇ ಉಳಿದಿದ್ದರು. ಮನೆಯ ನಲ್ಲಿ ಸೋರಿದರೆ ಪ್ಲಂಬರನಿಗೆ ಮೊದಲು ನಿಯಮ ವಿವರಿಸಿ, ಆಮೇಲೆ ನಲ್ಲಿ ತೋರಿಸುವ ಪೈಕಿ.

ಈ ಗುಣವೇ ಅವರನ್ನು ಒಮ್ಮೆ ನಡುರಸ್ತೆಯಲ್ಲಿ ನಿಲ್ಲಿಸಿತ್ತು. ಹೆಂಡತಿಯ ತಮ್ಮ ಸಿಟಿ ಬಸ್ಸಿನ ಡ್ರೈವರು. ಅವನ ಬೆನ್ನ ಹಿಂದೆಯೇ ಕೂತು, "ಗೇರು ಇಳಿಸು, ಬ್ರೇಕು ಹಿಡಿ, ಹಾರ್ನು ಎಲ್ಲೋ?" ಎಂದು ದಾರಿಯುದ್ದಕ್ಕೂ ಅವನ ತಲೆ ತಿಂದಿದ್ದರು. ಗೋದಾಮಿನ ತಿರುವಿನಲ್ಲಿ ಬಸ್ಸು ನಿಂತಿತು. "ಭಾವ, ಇಳೀರಿ" ಎಂದ ಡ್ರೈವರು. ಬಸ್ಸಿಗೆ ಬಸ್ಸೇ ನಕ್ಕಿತು. "ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡಿದ್ರೆ ಕೇಳು!" ಎಂದು ಶಪಥ ಮಾಡಿ ಹೆಡ್ ಕ್ಲರ್ಕರು ಬಿಸಿಲಲ್ಲಿ ನಡೆದು ಮನೆ ಸೇರಿದ್ದರು. ಅಂದಿನಿಂದ ನೋಡಿರಲೂ ಇಲ್ಲ.

ಈಗ ಆ ಭಾವಮೈದನಿಗೂ ನಿವೃತ್ತಿ ಬಂದಿತ್ತು.

"ನಾಳೆ ಅವನ ಕೊನೇ ಟ್ರಿಪ್ಪು. ಮನೆಮಂದಿಯೆಲ್ಲ ಹತ್ತುತ್ತೀವಿ. ನೀವು ಬರದಿದ್ರೆ ಅವನ ಮನಸ್ಸಿಗೆ ಹೇಗಾಗುತ್ತೆ?" ಎಂದಳು ಹೆಂಡತಿ.

"ಶಪಥ ಅಂದ್ರೆ ಶಪಥ ಕಣೇ."

"ಹಾಗಾದ್ರೆ ರಾತ್ರಿಗೆ ಅದನ್ನೇ ಬೇಯಿಸ್ಕೊಂಡು ತಿನ್ನಿ" ಎಂದು ಅವಳು ತಮ್ಮನ ಮನೆಗೆ ಹೊರಟೇಬಿಟ್ಟಳು.

ಒಲೆ ಹಚ್ಚಲು ಬಾರದ ಹೆಡ್ ಕ್ಲರ್ಕರು ಸಂಜೆ ಹೊಟ್ಟೆ ತಾಳ ಹಾಕತೊಡಗಿದಾಗ ಮೂಲೆಯ ಕೆಫೆಗೆ ನಡೆದರು. ಅದು ಮೊದಲು ಕಟಿಂಗ್ ಶಾಪು. ನಿಂತು ನಿಂತು ಕಾಲು ಸೋತ ಮಾಲೀಕ ಕತ್ತರಿ ಬಿಟ್ಟು ಸೌಟು ಹಿಡಿದಿದ್ದ. ಒಲೆ ಬಂತೇ ಹೊರತು ಮೇಜು ಬರಲಿಲ್ಲ. ಗಿರಾಕಿಗಳು ಅದೇ ತಿರುಗುವ ಕುರ್ಚಿಯಲ್ಲಿ, ಗೋಡೆಯುದ್ದದ ಅದೇ ಕನ್ನಡಿಗೆ ಎದುರಾಗಿ, ಬಾಚಣಿಗೆ ಇಡುತ್ತಿದ್ದ ಹಲಗೆಯ ಮೇಲೆ ಬಟ್ಟಲಿಟ್ಟುಕೊಂಡು ತಿನ್ನಬೇಕು. ಕೂತವರ ಕತ್ತಿಗೆ ಬಿಳಿ ಬಟ್ಟೆ ಬಿಗಿಯುವ ಅಭ್ಯಾಸವೂ ಅವನಿಗೆ ಹೋಗಿಲ್ಲ. ಅವನ ಆಲೂಗಡ್ಡೆ ಸೂಪು ಮಾತ್ರ ಅಗ್ಗ, ಬಿಸಿ, ಹೊಟ್ಟೆಗೆ ಹಿತ.

ಬಟ್ಟೆಯಿಂದ ತಲೆಯೊಂದನ್ನೇ ಹೊರಗಿಟ್ಟು ಹೆಡ್ ಕ್ಲರ್ಕರು ಮೊದಲ ಚಮಚ ಬಾಯಿಗಿಟ್ಟಿದ್ದರಷ್ಟೆ. ಪಕ್ಕದ ಖಾಲಿ ಕುರ್ಚಿಗೆ ಯಾರೋ ಬಂದು ಕೂತರು. ಕನ್ನಡಿಯಲ್ಲಿ ನೋಡಿದರೆ, ಭಾವಮೈದ!

ಏಳಲು ಹೊರಟ ಹೆಡ್ ಕ್ಲರ್ಕರ ತಲೆಯನ್ನು ಮಾಲೀಕ ಎರಡೂ ಕೈಯಲ್ಲಿ ಹಿಡಿದು ನೇರ ಮಾಡಿದ. "ಅಲ್ಲಾಡ್ಬೇಡಿ ಸಾರ್, ಸೂಪು ಬಿಸಿ ಇದೆ."

"ನಮ್ಮ ಅಡುಗೆಮನೆ ತುಂಬ ಹೆಂಗಸರು. ನನಗೇ ತಿನ್ನೋಕೆ ಜಾಗ ಇಲ್ಲ" ಎಂದು ಡ್ರೈವರು ಕನ್ನಡಿಗೆ ಹೇಳಿದ. ಬಿಳಿ ಬಟ್ಟೆ ಕಟ್ಟಿಸಿಕೊಳ್ಳುತ್ತಾ, "ಭಾವ ಸೊರಗಿದ್ದಾರೆ."

"ಕೆಲವರ ಹೊಟ್ಟೆ ಮುಂದೆ ಬಂದಿದೆ" ಎಂದರು ಹೆಡ್ ಕ್ಲರ್ಕರು, ಕನ್ನಡಿಗೇ.

"ಸ್ಟೀರಿಂಗಿಗೆ ಆಸರೆ ಬೇಕಲ್ಲ. ಅದಿರ್ಲಿ, ಮುಖ ನೋಡಲ್ಲ ಅಂದಿದ್ರಿ?"

"ನಾನು ನೋಡ್ತಿರೋದು ಕನ್ನಡೀನ. ನಿಯಮದ ಪ್ರಕಾರ ಅದು ಮುಖ ಆಗಲ್ಲ."

ಡ್ರೈವರು ನಕ್ಕ. "ನೌಕರಿ ಪೂರ್ತಿ ಜನರನ್ನ ಕನ್ನಡೀಲೇ ನೋಡಿದೋನು ನಾನು. ಅವತ್ತು ನೀವು ತಿರುವಲ್ಲಿ ನಿಂತಿದ್ದೂ ಕನ್ನಡೀಲೇ ನೋಡ್ದೆ. ಚಿಕ್ಕದಾಗ್ತಾ ಹೋದ್ರಿ. ಬ್ರೇಕಿನ ಮೇಲೆ ಕಾಲಿತ್ತು ಭಾವ. ಒತ್ತಲಿಲ್ಲ."

ಹೆಡ್ ಕ್ಲರ್ಕರು ಚಮಚ ಕೆಳಗಿಟ್ಟರು. ಕಣ್ಣು ಒರೆಸಲು ಬಿಳಿ ಬಟ್ಟೆ ಅನುಕೂಲಕ್ಕೆ ಬಂತು.

"ಅವತ್ತಿನ ಟಿಕೆಟ್ಟು ಕೊನೇ ಸ್ಟಾಪಿನವರೆಗೂ ಇತ್ತು" ಎಂದರು ಕೊನೆಗೆ, ಕಚೇರಿಯ ದನಿಯಲ್ಲಿ. "ಅರ್ಧ ಪ್ರಯಾಣ ಬಾಕಿ ಇದೆ. ಎಲ್ಲಿ ಇಳಿಸಿದ್ರೋ ಅಲ್ಲಿಂದಲೇ ಹತ್ತಿಸ್ಕೋಬೇಕು. ಅದು ಕ್ರಮ."

ಮರುದಿನ ಹೆಡ್ ಕ್ಲರ್ಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋದಾಮಿನ ತಿರುವಿನಲ್ಲಿ ನಿಂತಿದ್ದರು. ಬಸ್ಸು ನಿಂತಿತು. ಹತ್ತಿ, ಸೀದಾ ಡ್ರೈವರನ ಬೆನ್ನ ಹಿಂದೆ ಕೂತರು.

"ಶಪಥ ಏನಾಯ್ತು?" ಹೆಂಡತಿ ತಿವಿದಳು.

"ಬೆನ್ನು ಕಾಣ್ತಿದೆ ಕಣೇ, ಮುಖ ಎಲ್ಲಿದೆ?"

ಮುಂದೆ ಅಡ್ಡರಸ್ತೆ ಬಂತು. ಹೆಡ್ ಕ್ಲರ್ಕರು ತುಟಿ ಬಿಗಿಹಿಡಿದು, ಮುಷ್ಟಿಯನ್ನೂ ಬಿಗಿಹಿಡಿದು ಕೂತರು. ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು ಅವರನ್ನೇ ಕಾಯುತ್ತಿದ್ದವು.

"ಹೇಳಿಬಿಡಿ ಭಾವ. ನಾಳೆಯಿಂದ ನನಗೂ ಯಾರೂ ಹೇಳೋರಿರಲ್ಲ."

"ಹಾರ್ನು ಎಲ್ಲೋ?"

ಡ್ರೈವರು ಬೀದಿಗೆ ಬೀದಿಯೇ ತಿರುಗಿ ನೋಡುವಂತೆ ಹಾರ್ನು ಒತ್ತಿದ.